ಟೈರಿನ ಕಂದು, ಬಿಳಿ ಪಟ್ಟಿಯ ಹಳದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಕಂತಿನ ಪ್ರಶ್ನೆಗಳೆಲ್ಲ ಟೈರಿನ ಪಕ್ಕೆಯ ಸುತ್ತಲೇ ತಿರುಗಿವೆ. ಖಾರವಾದ, ಅಂದರೆ ಕ್ಷಾರೀಯ ಟೈರ್ ಕ್ಲೀನರ್‌ಗಳು, ಅವುಗಳಿಂದ ಆಗುವ ಕೆಲಸ, ಅವುಗಳಿಂದಲೇ ಆಗುವ ಕೆಡುಕು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ವಾರಕ್ಕೊಮ್ಮೆ ಶಾಂಪೂ ಹಾಕಿ ಕಾರು ತೊಳೆಯುತ್ತೇನೆ. ಬಾಡಿ ಹೊಳೆಯುತ್ತದೆ, ಟೈರು ಮಾತ್ರ ಒಣಗಿದ ಮೇಲೆ ಕಂದು. ಅದು ಮಣ್ಣಲ್ಲ. ಖಾರವಾದ ಕ್ಲೀನರ್ ಹಾಕಿದರೆ ಶಾಶ್ವತವಾಗಿ ಹೋಗುತ್ತದೆಯೇ?

ಉತ್ತರ: ಹೋಗುತ್ತದೆ, ಆದರೆ ಶಾಶ್ವತವಾಗಿ ಅಲ್ಲ. ಅದು ಹೊರಗಿನಿಂದ ಬಂದು ಕೂತ ಕೊಳೆಯಾಗಿದ್ದರೆ ತಾನೇ ಒಮ್ಮೆ ತೊಳೆದು ಮುಗಿಸುವುದು? ಕಂದು ಬರುತ್ತಿರುವುದು ರಬ್ಬರಿನ ಒಳಗಿನಿಂದ.

ಗಾಳಿಯಲ್ಲಿರುವ ಓಝೋನ್ ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಅದನ್ನು ತಡೆಯಲೆಂದು ಟೈರು ತಯಾರಿಸುವಾಗಲೇ ಮೇಣವನ್ನೂ ಓಝೋನ್ ನಿರೋಧಕಗಳನ್ನೂ ಬೆರೆಸಿರುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 6ಪಿಪಿಡಿ. ಕಾರು ಓಡುವಾಗ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತದೆ, ಬಿಸಿಯಾಗುತ್ತದೆ, ಒಳಗಿನ ಈ ರಾಸಾಯನಿಕ ನಿಧಾನವಾಗಿ ಮೇಲಕ್ಕೆ ಜಿನುಗುತ್ತದೆ. ಓಝೋನ್ ರಬ್ಬರನ್ನು ಬಿಟ್ಟು ಇದನ್ನು ತಿನ್ನುತ್ತದೆ. ಹಾಗೆ ತಿಂದು ಉಳಿದ ಎಂಜಲೇ ನೀವು ನೋಡುತ್ತಿರುವ ಕಂದು. ಗ್ಯಾರೇಜಿನವರ ಮಾತಿನಲ್ಲಿ ‘ಬ್ಲೂಮಿಂಗ್’. ಅದರ ಮೇಲೆ ಹಳೆಯ ಟೈರ್ ಪಾಲಿಶ್, ರಸ್ತೆಯ ಎಣ್ಣೆ, ಬ್ರೇಕಿನ ಪುಡಿ ಸೇರಿ ಒಂದು ಅಂಟು ಪದರವಾಗಿರುತ್ತದೆ. ಹೊಸ ಟೈರಾದರೆ ಅಚ್ಚಿನಿಂದ ಬಿಡಿಸಲು ಬಳಿದ ಜಾರುದ್ರವದ ಉಳಿಕೆಯೂ ಇರುತ್ತದೆ.

ಕಾರಿನ ಶಾಂಪೂವಿನ ಪಿಎಚ್ 7ರ ಆಸುಪಾಸು, ಅಂದರೆ ಅದು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಬಣ್ಣಕ್ಕೆ, ಮೇಣಕ್ಕೆ ತೊಂದರೆಯಾಗಬಾರದೆಂದೇ ಅದನ್ನು ಹಾಗೆ ಸೌಮ್ಯವಾಗಿ ಮಾಡಿರುತ್ತಾರೆ. ಈ ಅಂಟನ್ನು ಅದು ಸಡಿಲಿಸಲಾರದು. ಕ್ಷಾರೀಯ ಟೈರ್ ಕ್ಲೀನರ್ ಸಡಿಲಿಸುತ್ತದೆ. ಸ್ವಚ್ಛವಾದ ಟೈರು ಕೆಲವು ವಾರ ಕಪ್ಪಾಗಿದ್ದು ಮತ್ತೆ ಕಂದಾಗತೊಡಗುತ್ತದೆ. ಅದು ಟೈರಿನ ದೋಷವಲ್ಲ, ರಕ್ಷಣೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಆದ್ದರಿಂದಲೇ ಪ್ರತಿ ವಾರ ಖಾರದ ಕ್ಲೀನರ್ ಹಾಕಿ ಆ ಪದರವನ್ನು ಕಿತ್ತುಹಾಕುವುದು ಬೇಡ. ಮೇಲಿನದನ್ನು ಕಿತ್ತಷ್ಟೂ ರಬ್ಬರು ಒಳಗಿನ ದಾಸ್ತಾನನ್ನು ಮೇಲಕ್ಕೆ ಕಳಿಸಬೇಕು, ಆ ದಾಸ್ತಾನು ಅಕ್ಷಯಪಾತ್ರೆಯಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಶುದ್ಧಿ, ನಡುವೆ ಶಾಂಪೂ ಮತ್ತು ಬ್ರಷ್. ಇಷ್ಟು ಸಾಕು.

ಪ್ರಶ್ನೆ: ಕ್ಷಾರೀಯ ಕ್ಲೀನರ್ ತಂದಿದ್ದೇನೆ. ಬಾಟಲಿಯ ಮೇಲೆ ‘ಸಿಂಪಡಿಸಿ, ಉಜ್ಜಿ, ತೊಳೆಯಿರಿ’ ಎಂದಷ್ಟೇ ಇದೆ. ಸರಿಯಾದ ಕ್ರಮ ತಿಳಿಸಿ.

ಉತ್ತರ: ಆ ಮೂರು ಪದಗಳ ನಡುವೆ ಬಿಟ್ಟುಹೋದದ್ದೇ ಹೆಚ್ಚು.

ಮೊದಲು ಟೈರೂ ರಿಮ್ಮೂ ತಣ್ಣಗಿರಬೇಕು. ಓಡಿಸಿ ಬಂದ ತಕ್ಷಣ ಬೇಡ, ಬಿಸಿಲಿನಲ್ಲಂತೂ ಬೇಡ. ಬಿಸಿ ಮೈಮೇಲೆ ಬಿದ್ದ ದ್ರವದಲ್ಲಿ ಮೊದಲು ಆರುವುದು ನೀರು. ಉಳಿಯುವ ಕ್ಷಾರ ಕ್ಷಣಕ್ಷಣಕ್ಕೂ ಗಾಢವಾಗುತ್ತಾ ಹೋಗುತ್ತದೆ. ನೀವು ನೀರು ಬೆರೆಸಿ ತೆಳ್ಳಗೆ ಮಾಡಿದ್ದು ಎರಡು ನಿಮಿಷದಲ್ಲಿ ಬೆರೆಸದೇ ಇದ್ದ ಹಾಗಾಗುತ್ತದೆ. ಕೈಯಿಟ್ಟು ನೋಡಿ, ಬೆಚ್ಚಗೆ ತಾಗಿದರೂ ಇನ್ನಷ್ಟು ಹೊತ್ತು ಕಾಯಿರಿ.

ಕಾರಿನ ಬಾಡಿ ತೊಳೆಯುವ ಮೊದಲೇ ಚಕ್ರದ ಕೆಲಸ ಮುಗಿಸಿ, ಸಿಡಿದ ಕೊಳೆ ಆಮೇಲೆ ಬಾಡಿಯ ಜೊತೆ ಹೋಗುತ್ತದೆ. ರಿಮ್ಮಿಗೂ ಚಕ್ರದ ಮೇಲಿನ ಫೆಂಡರಿಗೂ ಧಾರಾಳ ನೀರು ಹಾಯಿಸಿ. ಒದ್ದೆ ಮೈಮೇಲೆ ಬಿದ್ದ ಹನಿ ತೆಳ್ಳಗಾಗಿ ಜಾರುತ್ತದೆ, ಒಣ ಮೈಮೇಲೆ ಬಿದ್ದದ್ದು ಅಲ್ಲೇ ಕೂರುತ್ತದೆ. ಟೈರಿನ ಮೇಲೆ ಮಾತ್ರ ನಿಂತ ನೀರನ್ನು ಬ್ರಷ್‌ನಿಂದ ಒಮ್ಮೆ ಒದರಿ. ಕ್ಲೀನರ್ ತನ್ನ ಪೂರ್ತಿ ಶಕ್ತಿಯಲ್ಲಿ ಇರಬೇಕಾದ ಜಾಗ ಅದೊಂದೇ.

ಬೆರಕೆಯ ಲೆಕ್ಕ: ‘1:4’ ಎಂದರೆ ಒಂದು ಪಾಲು ಕ್ಲೀನರಿಗೆ ನಾಲ್ಕು ಪಾಲು ನೀರು. ಅರ್ಧ ಲೀಟರಿನ ಬಾಟಲಿಗೆ 400 ಮಿಲಿ ನೀರು, ಮೇಲೆ 100 ಮಿಲಿ ಕ್ಲೀನರ್. ನೀರು ಮೊದಲು, ಕ್ಲೀನರ್ ಆಮೇಲೆ. ತಿರುವುಮುರುವಾದರೆ ಬಾಟಲಿಯ ತುಂಬ ನೊರೆ, ಜೊತೆಗೆ ಗಾಢ ದ್ರವ ಕಣ್ಣಿಗೆ ಸಿಡಿಯುವ ಅಪಾಯ. ಬಹುಬಳಕೆಯ ಕ್ಷಾರೀಯ ಕ್ಲೀನರ್‌ಗಳನ್ನು ಟೈರಿಗೆ 1:4, ಇತರ ಕೆಲಸಕ್ಕೆ 1:10 ಬೆರೆಸುವುದು ರೂಢಿ. ಟೈರಿಗೆಂದೇ ಮಾಡಿದ ದ್ರವವನ್ನು ಹಲವು ವೇಳೆ ನೀರು ಬೆರೆಸಿಯೇ ಮಾರುತ್ತಾರೆ, ಅದಕ್ಕೆ ಮತ್ತೆ ನೀರು ಸೇರಿಸಬೇಕಿಲ್ಲ.

ಒಂದು ಸಲಕ್ಕೆ ಒಂದೇ ಚಕ್ರ. ನಾಲ್ಕಕ್ಕೂ ಸಿಂಪಡಿಸಿಕೊಂಡು ಮೊದಲನೆಯದಕ್ಕೆ ಬರುವಷ್ಟರಲ್ಲಿ ನಾಲ್ಕನೆಯದು ಒಣಗಿರುತ್ತದೆ. ಪಕ್ಕೆಯ ಸುತ್ತ ಟ್ರಿಗರ್ ಹತ್ತು ಹನ್ನೆರಡು ಬಾರಿ ಒತ್ತಿದರೆ ಸಾಕು. 30ರಿಂದ 60 ಸೆಕೆಂಡ್ ಬಿಡಿ, ಒಣಗಲು ಬಿಡಬೇಡಿ. ಗಟ್ಟಿ ನೈಲಾನ್ ಬ್ರಷ್ ಹಿಡಿದು ಮೊದಲು ಸುತ್ತಿನ ದಿಕ್ಕಿನಲ್ಲಿ, ಆಮೇಲೆ ಅಡ್ಡಡ್ಡ ಉಜ್ಜಿ. ಉಬ್ಬು ಅಕ್ಷರಗಳ ಅಂಚು, ರಿಮ್ಮಿಗೆ ಟೈರು ಕೂಡುವ ಗೆರೆ, ಇವೆರಡರಲ್ಲೇ ಕೊಳೆ ಅಡಗಿರುವುದು.

ಈಗ ನೊರೆ ನೋಡಿ. ಮೊದಲ ಸುತ್ತಿನಲ್ಲಿ ಕೆಮ್ಮಣ್ಣಿನ ನೀರಿನಂತಿರುತ್ತದೆ. ತೊಳೆದು ಮತ್ತೆ ಸಿಂಪಡಿಸಿ. ಎರಡನೆಯದರಲ್ಲಿ ತಿಳಿಯಾಗುತ್ತದೆ. ನೊರೆ ಬಿಳಿಯಾಗಿಯೇ ಉಳಿದ ಸುತ್ತೇ ಕೊನೆಯದು. ವರ್ಷಗಟ್ಟಲೆ ಪಾಲಿಶ್ ಕುಡಿದ ಟೈರಿಗೆ ಮೂರು ನಾಲ್ಕು ಸುತ್ತು ಬೇಕಾಗಬಹುದು. ನೊರೆ ತಿಳಿಯಾಗದಿದ್ದಾಗ ಬಹುತೇಕರು ಬಾಟಲಿಯ ಪ್ರಮಾಣ ಹೆಚ್ಚಿಸುತ್ತಾರೆ. ಹೆಚ್ಚಿಸಬೇಕಾದದ್ದು ಸುತ್ತುಗಳ ಸಂಖ್ಯೆಯನ್ನು.

ನೆಲಕ್ಕೆ ತಾಗಿ ಉಬ್ಬಿದ ಭಾಗಕ್ಕೆ ಬ್ರಷ್ ಸರಿಯಾಗಿ ಹೋಗುವುದಿಲ್ಲ. ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ತಳ್ಳಿ ಆ ಭಾಗವನ್ನು ಮೇಲಕ್ಕೆ ತಂದುಕೊಳ್ಳಿ. ‘ಒಂದು ಕಡೆ ಮಾತ್ರ ಕಂದು ಉಳಿಯಿತು’ ಎಂದು ಬರೆಯುವವರೆಲ್ಲ ಬಿಟ್ಟದ್ದು ಇದನ್ನೇ. ಕೊನೆಗೆ ಪ್ರತಿ ಚಕ್ರಕ್ಕೂ ಒಂದು ನಿಮಿಷ ನೀರು, ರಿಮ್ಮಿನ ಹಿಂಭಾಗಕ್ಕೂ. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಬಟ್ಟೆಗೆ ಕಂದು ಹತ್ತದಿದ್ದರೆ ಟೈರು ಸ್ವಚ್ಛ. ಕಾರು ಹೊರಡಿಸಿದ ಮೇಲೆ ನಿಧಾನಗತಿಯಲ್ಲಿ ಎರಡು ಮೂರು ಬಾರಿ ಬ್ರೇಕ್ ಒತ್ತಿ, ಡಿಸ್ಕ್ ಒಣಗಲಿ.

ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ ಕಡ್ಡಾಯ. ಕ್ಲೀನರ್ ತಗುಲಿದ ಬೆರಳು ಜಾರುವಂತಾದರೆ ಅದು ನಿಮ್ಮದೇ ಚರ್ಮದ ಕೊಬ್ಬು ಸಾಬೂನಾಗುತ್ತಿರುವುದು, ಕೂಡಲೇ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರು, ಆಮೇಲೆ ನೇರ ವೈದ್ಯರ ಬಳಿಗೆ. ಕಣ್ಣಿನ ಮಟ್ಟಿಗೆ ಕ್ಷಾರ ಆಮ್ಲಕ್ಕಿಂತ ಕೆಟ್ಟದ್ದು, ಮೇಲೆ ನಿಲ್ಲದೆ ಒಳಕ್ಕೆ ಇಳಿಯುತ್ತಾ ಹೋಗುತ್ತದೆ.

ಪ್ರಶ್ನೆ: ಟೈರಿಗೆ ಹಾಕಿದ ಕ್ಲೀನರ್ ಅಲಾಯ್ ಚಕ್ರದ ಮೇಲೆ ಇಳಿದು ಬೂದು ಬಿಳಿ ಮಚ್ಚೆ ಬಿದ್ದಿದೆ. ತೊಳೆದರೂ ಹೋಗುತ್ತಿಲ್ಲ.

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಗಿದೆ. ಅದು ಕಲೆಯಲ್ಲ, ಲೋಹವೇ ಕರಗಿದ ಗುರುತು. ಅಲಾಯ್ ಚಕ್ರದ ಅಲ್ಯೂಮಿನಿಯಂ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಅದನ್ನು ಕಾಯುವುದು ಮೇಲಿನ ತೆಳು ಆಕ್ಸೈಡ್ ಪದರ. ಕೆಲವು ಖಾರದ ಕ್ಲೀನರ್‌ಗಳಲ್ಲಿರುವ ಕಾಸ್ಟಿಕ್ ಸೋಡಾ ಮೊದಲು ಆ ಪದರವನ್ನು ತೆಗೆದು, ಆಮೇಲೆ ಲೋಹವನ್ನು ಹೈಡ್ರೋಜನ್ ಗುಳ್ಳೆ ಏಳಿಸುತ್ತಾ ಕರಗಿಸುತ್ತದೆ. ಸೋಡಿಯಂ ಮೆಟಾಸಿಲಿಕೇಟ್ ಇರುವ ಕ್ಲೀನರ್‌ಗಳಲ್ಲಿ ಸಿಲಿಕೇಟ್ ಲೋಹದ ಮೇಲೆ ತೆಳು ಪೊರೆಯಾಗಿ ಕೂತು ಈ ಕರಗುವಿಕೆಯನ್ನು ಒಂದಿಷ್ಟು ತಡೆಯುತ್ತದೆ. ಹಾಗೆಂದು ಬಿಸಿ ರಿಮ್ಮಿನ ಮೇಲೆ ಒಣಗಲು ಬಿಟ್ಟರೆ ಅದೂ ಕಾಯುವುದಿಲ್ಲ.

ಮುಂದೇನು ಎಂಬುದು ರಿಮ್ಮಿನ ಮೇಲ್ಮೈ ಯಾವುದು ಎಂಬುದರ ಮೇಲೆ ನಿಂತಿದೆ. ಕಾಣದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಲೋಹದ ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಬರಿ ಲೋಹ. ಪಾಲಿಶ್ ಹಿಡಿದು ಕೈಯಿಂದಲೇ ಉಜ್ಜಿದರೆ ಹೊಳಪು ಮರಳುತ್ತದೆ, ಸಮಯ ಹಿಡಿಯುತ್ತದೆ ಅಷ್ಟೆ. ಬಟ್ಟೆ ಕಪ್ಪಾಗದಿದ್ದರೆ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಲೇಪ ಇದೆ, ಇಲ್ಲವೇ ಆನೋಡೈಸ್ ಮಾಡಿದ (ವಿದ್ಯುತ್ತಿನಿಂದ ದಪ್ಪಗೊಳಿಸಿದ ಆಕ್ಸೈಡ್) ಪದರ. ಕ್ಲಿಯರ್‌ಕೋಟಿನ ಮೇಲಷ್ಟೇ ಮಬ್ಬು ಇದ್ದರೆ ಬಣ್ಣದ ಪಾಲಿಶ್‌ಗೆ ಹೋಗಬಹುದು. ಎಲ್ಲೋ ಬಿರುಕಿನಿಂದ ನುಗ್ಗಿ ಅದರ ಅಡಿಯಲ್ಲಿ ಹರಡಿದ್ದರೆ ಕೋಟನ್ನು ತೆಗೆದು ಮತ್ತೆ ಹೊಡೆಸಬೇಕು. ಆನೋಡೈಸ್ ಪದರ ಹೋಗಿದ್ದರೆ ಉಜ್ಜಿ ತರುವಂಥದ್ದಲ್ಲ. ಉಳಿದದ್ದನ್ನೂ ತೆಗೆಸಿ ಮತ್ತೆ ಆನೋಡೈಸ್ ಮಾಡಿಸುವುದು ಅಥವಾ ಬರಿ ಲೋಹವಾಗಿ ಪಾಲಿಶ್ ಮಾಡಿ ಇಟ್ಟುಕೊಳ್ಳುವುದು, ಎರಡೇ ದಾರಿ.

ಇನ್ನು ಮುಂದೆ ಅಂಥ ರಿಮ್ಮಿರುವ ಟೈರಿಗೆ ಗಾಳಿಯಲ್ಲಿ ಸಿಂಪಡಿಸಬೇಡಿ. ಬ್ರಷ್‌ಗೇ ಸಿಂಪಡಿಸಿ, ಬ್ರಷ್‌ನಿಂದ ಟೈರಿಗೆ ಹಚ್ಚಿ. ಕೆಲಸ ನಿಧಾನ, ರಿಮ್ ಸುರಕ್ಷಿತ. ಕ್ಷಾರ ಬಿದ್ದ ಜಾಗಕ್ಕೆ ವಿನೆಗರ್ ಹಾಕಿ ‘ಸಮ ಮಾಡುವ’ ಉಪಾಯವೂ ಬೇಡ, ನೀರು ಸಾಕು.

ಪ್ರಶ್ನೆ: ರಿಮ್ ತೊಳೆಯುವ ಕ್ಲೀನರಿನಿಂದಲೇ ಟೈರನ್ನೂ ತೊಳೆದರೆ ಏನು ತಪ್ಪು? ಎರಡು ಬಾಟಲಿ ಏಕೆ?

ಉತ್ತರ: ಎರಡರ ಕೊಳೆ ಬೇರೆ. ರಿಮ್ಮಿನ ಮೇಲಿರುವುದು ಮುಖ್ಯವಾಗಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ. ಟೈರಿನ ಮೇಲಿರುವುದು ಜಿಡ್ಡು, ಮೇಣ, ಉತ್ಕರ್ಷಿತ ರಾಸಾಯನಿಕ.

ಹಚ್ಚಿದ ಕೂಡಲೇ ನೇರಳೆ ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬೀರುವ ರಿಮ್ ಕ್ಲೀನರ್‌ಗಳಲ್ಲಿರುವುದು ಥಯೋಗ್ಲೈಕೋಲೇಟ್. ಅದು ಕಬ್ಬಿಣದೊಂದಿಗೆ ಸೇರಿ ಬಣ್ಣ ಬಿಡುತ್ತದೆ. ಟೈರಿಗೆ ಬಿದ್ದರೆ ಕೆಡುಕಿಲ್ಲ, ಹೆಚ್ಚು ಉಪಯೋಗವೂ ಇಲ್ಲ. ಮೇಲೆ ಕೂತ ಬ್ರೇಕಿನ ಪುಡಿ ಬಿಟ್ಟರೆ ಟೈರಿನ ಕಂದಿನಲ್ಲಿ ಅದು ಹುಡುಕುವ ಕಬ್ಬಿಣ ಇಲ್ಲವಲ್ಲ.

ಆಮ್ಲೀಯ ರಿಮ್ ಕ್ಲೀನರ್‌ಗಳ ವಿಷಯ ಬೇರೆ. ಕೆಲವುಗಳಲ್ಲಿ ಫಾಸ್ಫಾರಿಕ್ ಅಥವಾ ಆಕ್ಸಾಲಿಕ್ ಆಮ್ಲ ಇರುತ್ತದೆ, ಕೆಲವುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್. ಲೇಬಲ್ಲಿನಲ್ಲಿ ‘ಫ್ಲೋರೈಡ್’ ಎಂಬ ಮಾತು ಎಲ್ಲಿ ಕಂಡರೂ ಆ ಬಾಟಲಿ ಮನೆಗೆ ಬೇಡ. ತೆಳುವಾದ ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಗುಲಿದಾಗ ಕೂಡಲೇ ನೋವು ಕೊಡುವುದಿಲ್ಲ. ಗಂಟೆಗಳ ನಂತರ ನೋವು ಶುರುವಾಗುವಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ಮೈಯ ಕ್ಯಾಲ್ಸಿಯಮ್ಮನ್ನು ಹಿಡಿಯತೊಡಗಿರುತ್ತದೆ. ಇದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುವ ನಿರ್ದಿಷ್ಟ ಚಿಕಿತ್ಸೆಯೇ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದವರು ಆ ಕ್ಲೀನರನ್ನು ಮುಟ್ಟಬಾರದು. ಟೈರ್ ತೊಳೆಯುವ ಕೆಲಸಕ್ಕಂತೂ ಅದರ ಅಗತ್ಯ ಯಾವತ್ತೂ ಬರುವುದಿಲ್ಲ.

ಪ್ರಶ್ನೆ: ಹೊಸ ವೈಟ್‌ವಾಲ್ ಟೈರುಗಳ ಬಿಳಿ ಪಟ್ಟಿಯ ಮೇಲೆ ನೀಲಿ ಬಣ್ಣ ಬಳಿದಿದೆ. ಓಡಿಸುತ್ತಾ ತಾನೇ ಹೋಗುತ್ತದೆಯೇ?

ಉತ್ತರ: ಓಡಿಸುವ ಮೊದಲೇ ತೆಗೆಯಿರಿ. ಸಾಗಾಟದಲ್ಲಿ, ಟೈರುಗಳನ್ನು ಒಂದರ ಮೇಲೊಂದು ಪೇರಿಸಿದಾಗ, ಪಕ್ಕದ ಟೈರಿನ ಕಪ್ಪು ಬಿಳಿಗೆ ಹತ್ತದಿರಲೆಂದು ಬಳಿದ ನೀರಿನಲ್ಲಿ ಕರಗುವ ರಕ್ಷಾಲೇಪ ಅದು. ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್, ಕೆಲವು ಹನಿ ಸಾಬೂನು ಸಾಕು. ನೀರು ಹಾಕಿ ಐದು ನಿಮಿಷ ನೆನೆಯಲು ಬಿಟ್ಟರೆ ಲೋಳೆಯಾಗಿ ಬಿಡುತ್ತದೆ. ತೆಗೆಯದೆ ಬಿಸಿಲಿಗೆ ನಿಲ್ಲಿಸಿ, ಓಡಿಸಿ ಕಾಯಿಸಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಅದಕ್ಕೂ ಖಾರದ ಕ್ಲೀನರ್ ಬೇಕಾಗುತ್ತದೆ. ಪೆಟ್ರೋಲು, ಥಿನ್ನರ್ ಮುಟ್ಟಿಸಬೇಡಿ.

ಪ್ರಶ್ನೆ: ಹಳೆಯ ಕಾರಿನ ವೈಟ್‌ವಾಲ್ ಪಟ್ಟಿಯನ್ನು ಖಾರದ ಕ್ಲೀನರಿನಿಂದ ತಿಕ್ಕಿ ಬೆಳ್ಳಗೆ ಮಾಡಿದೆ. ಕಪ್ಪು ಭಾಗಕ್ಕೆ ಹೊಳಪಿನ ಪಾಲಿಶ್ ಹಚ್ಚಿದೆ. ಎರಡೇ ತಿಂಗಳಲ್ಲಿ ಬಿಳಿ ಹಳದಿಯಾಯಿತು. ಮತ್ತೆ ತಿಕ್ಕಿದರೆ ಸ್ವಲ್ಪ ಬೆಳ್ಳಗಾಗಿ ಮತ್ತೆ ಹಳದಿ.

ಉತ್ತರ: ಉತ್ತರ ನಿಮ್ಮ ಎರಡನೇ ವಾಕ್ಯದಲ್ಲೇ ಇದೆ. ಹಳದಿ ಹಚ್ಚಿದ್ದು ಆ ಪಾಲಿಶ್.

ವೈಟ್‌ವಾಲ್ ಟೈರಿನ ರಚನೆ ತಿಳಿದರೆ ಇದು ಅರ್ಥವಾಗುತ್ತದೆ. ರಬ್ಬರು ಸಹಜವಾಗಿ ಕಪ್ಪಲ್ಲ. ಮೊದಲ ಕಾಲದ ಟೈರುಗಳು ಸತುವಿನ ಆಕ್ಸೈಡ್ ಬೆರೆತು ಬೆಳ್ಳಗೇ ಇದ್ದವು. 1910ರ ದಶಕದಲ್ಲಿ ಸವೆತ ತಡೆಯಲು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಬೆರೆಸುವುದು ಹರಡಿದಾಗ ಟೈರು ಕಪ್ಪಾಯಿತು. ನೆಲಕ್ಕೆ ತಾಗುವ ಭಾಗ ಮಾತ್ರ ಕಪ್ಪಾಗಿ, ಪಕ್ಕೆ ಬಿಳಿಯಾಗಿಯೇ ಉಳಿದ ಟೈರುಗಳೇ ವೈಟ್‌ವಾಲಿನ ಮೂಲ. ಆಮೇಲೆ ಅದು ಶೋಕಿಯಾಯಿತು. ಅಮೆರಿಕದ ಕಾರುಗಳಲ್ಲಿ ಅಗಲವಾಗಿದ್ದ ಪಟ್ಟಿ 1960ರ ದಶಕದ ಆರಂಭದಲ್ಲಿ ಕಿರಿದಾಯಿತು. ಈಗಿನ ವೈಟ್‌ವಾಲಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆರೆತ ಬಿಳಿ ರಬ್ಬರಿನ ಪಟ್ಟಿಯನ್ನು ಪಕ್ಕೆಯಲ್ಲಿ ಕೂರಿಸಿ, ಅದರ ಮೇಲೆ ತೆಳು ಕಪ್ಪು ಹೊದಿಕೆ ಹಾಕಿ ಬೇಯಿಸುತ್ತಾರೆ. ಕೊನೆಗೆ ಹೊದಿಕೆಯನ್ನು ಉಜ್ಜಿ ತೆಗೆದಾಗ ಬಿಳಿ ಹೊರಬರುತ್ತದೆ.

ಕಪ್ಪು ರಬ್ಬರಿನಲ್ಲಿರುವ 6ಪಿಪಿಡಿಯಂಥ ನಿರೋಧಕವನ್ನು ಬಿಳಿಗೆ ಬೆರೆಸುವಂತಿಲ್ಲ, ಬೆರೆಸಿದರೆ ಅದೂ ಕಂದಾಗುತ್ತದೆ. ಅದಕ್ಕೇ ಬಿಳಿ ಪಟ್ಟಿಗೆ ಓಝೋನನ್ನು ತಾವಾಗಿಯೇ ತಾಳಿಕೊಳ್ಳುವ ಇಪಿಡಿಎಂ, ಕ್ಲೋರೋಬ್ಯೂಟೈಲ್‌ನಂಥ ರಬ್ಬರುಗಳನ್ನು ಬೆರೆಸುತ್ತಾರೆ. ಹಾಗಿದ್ದರೂ ಅದು ಕೂತಿರುವುದು ಕಪ್ಪಿನ ಮಡಿಲಲ್ಲಿ. ಕಪ್ಪಿನ ರಾಸಾಯನಿಕ ಬಿಳಿಗೆ ದಾಟಲು ಸದಾ ಹವಣಿಸುತ್ತಿರುತ್ತದೆ. ಪೆಟ್ರೋಲಿಯಂ ದ್ರಾವಕವಿರುವ ಜಿಡ್ಡಿನ ಪಾಲಿಶ್ ಹಚ್ಚಿದಿರೋ, ಆ ದ್ರಾವಕ ಎರಡರ ನಡುವೆ ಸೇತುವೆ ಕಟ್ಟಿಕೊಟ್ಟಿತು. ಕಪ್ಪಿನಿಂದ ಕಂದನ್ನು ಎತ್ತಿಕೊಂಡು ಬಿಳಿಯೊಳಗೆ ಇಳಿಸಿತು.

ಈಗ ಹಳದಿ ಮೇಲ್ಮೈಯಲ್ಲಷ್ಟೇ ಇದೆಯೇ, ಒಳಗಿಳಿದಿದೆಯೇ ನೋಡಬೇಕು. ಬಿಳಿ ಪಟ್ಟಿಗೆ ಕ್ಲೀನರ್ ಹಾಕಿ 30 ಸೆಕೆಂಡ್ ಬಿಟ್ಟು ಮೆಲಮೈನ್ ಸ್ಪಂಜಿನಿಂದ ಉಜ್ಜಿ. ಅದು ಬಲು ನಯವಾದ ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಸ್ಪಂಜು ಹಳದಿಯಾಗಿ ಪಟ್ಟಿ ಬಿಳಿಯಾದರೆ ಅದೃಷ್ಟ. ಆಗದಿದ್ದರೆ 400 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆಯಾಗಿ ಬಳಸುವ ಮರಳು ಕಾಗದ) ಸಾಬೂನು ನೀರಿನೊಂದಿಗೆ ಅಂಗೈಯಗಲ ಜಾಗ ಉಜ್ಜಿ ನೋಡಿ. ಅಡಿಯಲ್ಲಿ ಬಿಳಿ ಕಂಡರೆ ಸುತ್ತಲೂ ಅದೇ ಹದದಲ್ಲಿ ಉಜ್ಜಬಹುದು. ಅಡಿಯಲ್ಲೂ ಹಳದಿ ಇದ್ದರೆ ಕಲೆ ಪಟ್ಟಿಯ ಆಳಕ್ಕೆ ಇಳಿದಿದೆ. ಆಗ ಉಜ್ಜುತ್ತಾ ಹೋಗುವುದು ನೀರಿನಲ್ಲಿ ಹೋಮ ಮಾಡಿದಂತೆ, ನಿಲ್ಲಿಸಿಬಿಡಿ.

ಮುಂದೆ ವೈಟ್‌ವಾಲ್ ಟೈರಿಗೆ ಜಿಡ್ಡಿನ ಪಾಲಿಶ್ ಬೇಡವೇ ಬೇಡ. ಹೊಳಪು ಬೇಕೇಬೇಕೆಂದರೆ ನೀರು ಆಧಾರದ ಡ್ರೆಸ್ಸಿಂಗನ್ನು ಸ್ಪಂಜಿಗೆ ಹಾಕಿಕೊಂಡು, ಬಿಳಿಯಿಂದ ಒಂದು ಬೆರಳಗಲ ದೂರ ಉಳಿಸಿ ಹಚ್ಚಿ. ನಮ್ಮನ್ನು ಕೇಳಿದರೆ, ಬಿಳಿ ಪಟ್ಟಿ ಇರುವ ಟೈರಿಗೆ ಸ್ವಚ್ಛವಾದ ಮಾಸಲು ಕಪ್ಪೇ ಚೆಂದ.

ಪ್ರಶ್ನೆ: ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಹಾಕಿದರೆ ಬಿಳಿ ಪಟ್ಟಿ ಬೇಗ ಬೆಳ್ಳಗಾಗುವುದಿಲ್ಲವೇ?

ಉತ್ತರ: ಆ ದಿನಕ್ಕೆ ಆಗುತ್ತದೆ. ಬ್ಲೀಚು ಕಲೆಯ ಬಣ್ಣವನ್ನು ಕೆಡಿಸುತ್ತದೆಯೇ ಹೊರತು ಕಲೆಯನ್ನು ತೆಗೆಯುವುದಿಲ್ಲ, ಜೊತೆಗೆ ರಬ್ಬರಿನ ಮೇಲ್ಮೈಯನ್ನೂ ಉತ್ಕರ್ಷಿಸಿ ಒರಟು ಮಾಡುತ್ತದೆ. ಒರಟಾದ ಬಿಳಿ ಮುಂದಿನ ಕೊಳೆಯನ್ನು ಮೊದಲಿಗಿಂತ ಬೇಗ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಮಾತು: ರಿಮ್ಮಿಗೆ ಆಮ್ಲೀಯ ಕ್ಲೀನರ್ ಹಾಕಿ, ಪಕ್ಕದ ಟೈರಿಗೆ ಬ್ಲೀಚ್ ಹಾಕಿದರೆ ಎರಡೂ ಸೇರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುವ ಅನಿಲಗಳು. ನೀವು ಚಕ್ರದ ಮುಂದೆ ಕೂತು ಬಗ್ಗಿರುತ್ತೀರಿ, ಮೂಗು ಅಲ್ಲೇ ಇರುತ್ತದೆ.

ಪ್ರಶ್ನೆ: ಫುಟ್‌ಪಾತಿನ ಅಂಚಿಗೆ ಉಜ್ಜಿ ಬಿಳಿ ಪಟ್ಟಿಯ ಮೇಲೆ ಕಪ್ಪು ಗೀರು ಬಿದ್ದಿದೆ. ಯಾವ ಕ್ಲೀನರಿಗೂ ಬಗ್ಗುತ್ತಿಲ್ಲ. ಸ್ಟೀಲ್ ವುಲ್ ಹಾಕಲೇ?

ಉತ್ತರ: ಗೀರು ಎರಡು ಬಗೆ. ಕಪ್ಪು ರಬ್ಬರು ಅಥವಾ ಕಲ್ಲಿನ ಪುಡಿ ಬಿಳಿಯ ಮೇಲೆ ಬಳಿದುಕೊಂಡಿರುವುದು ಒಂದು, ಬಿಳಿಯೇ ಕಿತ್ತು ಅಡಿಯ ಕಪ್ಪು ಕಾಣುತ್ತಿರುವುದು ಇನ್ನೊಂದು. ಉಗುರಿನಿಂದ ಅಡ್ಡ ಎಳೆಯಿರಿ. ಉಗುರು ಗುಂಡಿಗೆ ಬಿದ್ದಂತಾಗಿ, ಆ ಗುಂಡಿಯ ತಳವೂ ಕಪ್ಪಾಗಿದ್ದರೆ ಮುಟ್ಟಬೇಡಿ. ಉಜ್ಜಿದಷ್ಟೂ ಕಪ್ಪು ಅಗಲವಾಗುತ್ತದೆ.

ಬಳಿದುಕೊಂಡದ್ದಾದರೆ ನೀರು ಹಾಕಿಕೊಂಡು 220 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 400ರಲ್ಲಿ ಮುಗಿಸಿ. ಪೇಪರನ್ನು ಬೆರಳಿಗೆ ಸುತ್ತಿಕೊಳ್ಳದೆ ಚಪ್ಪಟೆ ರಬ್ಬರ್ ತುಂಡಿಗೆ ಸುತ್ತಿ, ಬೆರಳಿನ ಒತ್ತಡ ಗುಳಿ ಮಾಡುತ್ತದೆ. ಗೀರಿನ ಆಚೀಚೆಯೂ ನಾಲ್ಕು ಬೆರಳಗಲ ಹಗುರವಾಗಿ ಹರಡಿ ಉಜ್ಜಿದರೆ ಮಚ್ಚೆ ಕಾಣುವುದಿಲ್ಲ. ಸ್ಟೀಲ್ ವುಲ್ಲಿನ ಸಾಬೂನು ಪ್ಯಾಡ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮುರಿದ ಎಳೆಗಳು ರಬ್ಬರಿನ ರಂಧ್ರಗಳಲ್ಲಿ ಉಳಿದು ಮರುದಿನ ತುಕ್ಕಿನ ಚುಕ್ಕಿಗಳಾಗುತ್ತವೆ. ಹಾಕಿದ್ದೇ ಆದರೆ ಆಮೇಲೆ ನೈಲಾನ್ ಬ್ರಷ್‌ನಿಂದ ಎರಡು ಬಾರಿ ತೊಳೆಯಿರಿ. ಪಟ್ಟಿ ರಬ್ಬರಿನದಲ್ಲ, ಬಣ್ಣ ಬಳಿದದ್ದು ಎಂದಾದರೆ ಇದಾವುದೂ ಬೇಡ. ಅದಕ್ಕೆ ಶಾಂಪೂ ಮಾತ್ರ.

ಪ್ರಶ್ನೆ: ಖಾರದ ಕ್ಲೀನರ್ ಹಾಕಿ ತೊಳೆದ ಮೇಲೆ ಟೈರಿನ ಪಕ್ಕೆಯಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಂಡಿವೆ. ಕ್ಲೀನರೇ ಕಾರಣವೇ?

ಉತ್ತರ: ಒಂದು ತೊಳೆತಕ್ಕೆ ಬಿರುಕು ಬಿಡುವುದಿಲ್ಲ. ಬಿರುಕು ಮೊದಲೇ ಇತ್ತು, ಪಾಲಿಶ್ ತುಂಬಿಕೊಂಡು ಮುಚ್ಚಿತ್ತು, ಈಗ ತೆರೆಯಿತು. ಒಂದರ್ಥದಲ್ಲಿ ಕ್ಲೀನರ್ ಉಪಕಾರವನ್ನೇ ಮಾಡಿದೆ. ಪಕ್ಕೆಯ ಮೇಲೆ ‘ಡಾಟ್’ (DOT) ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3517 ಎಂದಿದ್ದರೆ 2017ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಹೊರಗಿನ ಪಕ್ಕೆಯಲ್ಲಿ ಅಂಕಿ ಇಲ್ಲದಿದ್ದರೆ ಒಳಪಕ್ಕೆಯಲ್ಲಿರುತ್ತದೆ. ಹತ್ತು ವರ್ಷ ದಾಟಿದ ಟೈರು ನೋಡಲು ಹೇಗಿದ್ದರೂ ಬದಲಿಸಿ. ಅದಕ್ಕಿಂತ ಕಿರಿಯದಾದರೂ ಬಿರುಕಿನಲ್ಲಿ ಉಗುರು ಇಳಿದರೆ, ಒಳಗೆ ದಾರದ ಎಳೆ ಕಂಡರೆ ಅಥವಾ ಪಕ್ಕೆಯಲ್ಲಿ ಉಬ್ಬು ಇದ್ದರೆ ಆ ಟೈರಿನಲ್ಲಿ ಓಡಿಸಬಾರದು. ವೈಟ್‌ವಾಲ್ ಕಾರುಗಳು ವರ್ಷಕ್ಕೆ ಅಷ್ಟಿಷ್ಟು ಓಡಿ ಶೆಡ್ಡಿನಲ್ಲೇ ನಿಂತಿರುತ್ತವೆ. ಅವುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತವೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒರೆಸಿದರೆ ಟೈರು ಕಪ್ಪಾಗಿ ಹೊಳೆಯುತ್ತದೆ. ಇದರಿಂದ ತೊಂದರೆ ಇದೆಯೇ?

ಉತ್ತರ: ಇದೆ. ಆ ಎಣ್ಣೆಗಳು ರಬ್ಬರಿನೊಳಗೆ ಹೀರಿಕೊಂಡು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ, ರಕ್ಷಿಸುವ ಮೇಣವನ್ನು ಕರಗಿಸಿ ಹೊರಗೆ ತರುತ್ತವೆ. ಹೊಳಪು ಆ ಎಣ್ಣೆಯದು, ಕರಗಿದ ಮೇಣದ್ದು. ಕೊಳೆಯಂತೂ ಹೋಗಿರುವುದಿಲ್ಲ, ಒದ್ದೆಯಾಗಿ ಕಪ್ಪಾಗಿ ಕಾಣುತ್ತದೆ ಅಷ್ಟೆ.

ಪ್ರಶ್ನೆ: ಡ್ರೆಸ್ಸಿಂಗ್ ಹಚ್ಚಿ ಓಡಿಸಿದರೆ ಬಾಗಿಲಿನ ಮೇಲೆಲ್ಲ ಕಪ್ಪು ಹನಿ ಸಿಡಿಯುತ್ತದೆ.

ಉತ್ತರ: ಹಚ್ಚಿದ್ದು ಹೆಚ್ಚಾಗಿದೆ, ಅಥವಾ ಟೈರು ಸ್ವಚ್ಛವಿರಲಿಲ್ಲ. ಹಳೆಯ ಜಿಡ್ಡಿನ ಮೇಲೆ ಹೊಸದು ಹಿಡಿಯುವುದಿಲ್ಲ, ಚಕ್ರ ತಿರುಗಿದಾಗ ಎಸೆಯಲ್ಪಡುತ್ತದೆ. ನೊರೆ ಬಿಳಿಯಾಗುವವರೆಗೆ ತೊಳೆದು, ಪೂರ್ತಿ ಒಣಗಿಸಿ, ಅಕ್ಷರಗಳ ಸಂದಿಯಲ್ಲಿ ಉಳಿದ ನೀರನ್ನೂ ಒರೆಸಿ, ಸ್ಪಂಜಿಗೆ ಹಾಕಿಕೊಂಡು ತೆಳುವಾಗಿ ಹಚ್ಚಿ. 15 ನಿಮಿಷದ ಮೇಲೆ ಒಣ ಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ನೆಲಕ್ಕೆ ತಾಗುವ ಮೈಗೆ ಮಾತ್ರ ಯಾವ ಕಾರಣಕ್ಕೂ ಹಚ್ಚಬಾರದು. ಮೋಟಾರ್‌ಸೈಕಲ್ ವಾಲಿದಾಗ ಟೈರಿನ ಅಂಚೇ ನೆಲ ಹಿಡಿಯುವುದರಿಂದ ಅದರ ಟೈರಿಗೆ ಪಕ್ಕೆಯಲ್ಲೂ ಬೇಡ.

ಪ್ರಶ್ನೆ: ಸ್ಪ್ರೇ ಬಾಟಲಿಯ ಟ್ರಿಗರ್ ಎರಡು ವಾರಕ್ಕೆ ಕೆಡುತ್ತದೆ. ಬೆರೆಸಿಟ್ಟ ಕ್ಲೀನರ್ ಎಷ್ಟು ದಿನ ಉಳಿಯುತ್ತದೆ?

ಉತ್ತರ: ಟ್ರಿಗರಿನೊಳಗಿನ ಸೀಲನ್ನು ಕ್ಷಾರ ತಿನ್ನುತ್ತಿದೆ. ಕ್ಷಾರಕ್ಕೆ ಇಪಿಡಿಎಂ ಸೀಲಿನ ಸ್ಪ್ರೇಯರ್ ಕೇಳಿ ತನ್ನಿ. ‘ರಾಸಾಯನಿಕ ನಿರೋಧಕ’ ಎಂದು ಮಾರುವ ಅನೇಕ ಸ್ಪ್ರೇಯರ್‌ಗಳಲ್ಲಿ ವೈಟಾನ್ ಎಂಬ ಬೇರೆ ರಬ್ಬರಿನ ಸೀಲಿರುತ್ತದೆ. ಅದು ಆಮ್ಲಕ್ಕೆ, ದ್ರಾವಕಕ್ಕೆ ಗಟ್ಟಿ, ಗಾಢ ಕ್ಷಾರಕ್ಕೆ ಅಲ್ಲ. ಕೆಲಸ ಮುಗಿದ ಮೇಲೆ ಬರಿ ನೀರು ತುಂಬಿ ಹತ್ತು ಬಾರಿ ಒತ್ತಿದರೆ ಯಾವ ಟ್ರಿಗರ್ ಆದರೂ ಹೆಚ್ಚು ಬಾಳುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಗಡಸು ನೀರಿನಲ್ಲಿ ಬೆರೆಸಿಟ್ಟರೆ ತಳದಲ್ಲಿ ಬಿಳಿ ಗಸಿ ಇಳಿದು ನಳಿಕೆ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ, ಲೇಬಲ್ ಅಂಟಿಸಿದ್ದರೂ.

ಪ್ರಶ್ನೆ: ಪ್ರೆಶರ್ ವಾಷರ್ ಇದ್ದರೆ ಕ್ಲೀನರ್ ಬೇಕೇ?

ಉತ್ತರ: ಬೇಕು. ನೀರಿನ ಒತ್ತಡ ಮಣ್ಣನ್ನು ಹಾರಿಸುತ್ತದೆ, ರಬ್ಬರಿಗೆ ಅಂಟಿದ ಕಂದನ್ನು ಅಲ್ಲ. ‘ಇನ್ನೂ ಹತ್ತಿರ ಹಿಡಿದರೆ ಹೋದೀತು’ ಎಂದು ನಳಿಕೆಯನ್ನು ಟೈರಿಗೆ ತಾಗಿಸುವಲ್ಲೇ ಅಪಾಯ. ಸೂಜಿಯಂಥ ಧಾರೆ ಪಕ್ಕೆಯನ್ನೂ ಗಾಳಿ ತುಂಬುವ ವಾಲ್ವನ್ನೂ ಕತ್ತರಿಸಬಲ್ಲದು, ಗಾಯ ಹೊರಗೆ ಕಾಣದೆ ಆಮೇಲೆ ಓಟದಲ್ಲಿ ಟೈರು ಸಿಡಿಯಬಹುದು. ಬೀಸಣಿಗೆಯಂತೆ ಹರಡುವ ನಳಿಕೆ, ಕನಿಷ್ಠ 30 ಸೆಂಟಿಮೀಟರ್ ದೂರ. ಸುತ್ತುತ್ತಾ ಚುಚ್ಚುವ ನಳಿಕೆಯನ್ನು ಟೈರಿನ ಕಡೆ ತಿರುಗಿಸಲೇಬೇಡಿ.

ಪ್ರಶ್ನೆ: ತೊಳೆದ ಕಂದು ನೀರನ್ನು ಎಲ್ಲಿ ಬಿಡಬೇಕು? ಹುಲ್ಲಿನ ಮೇಲೆ ಬಿಡಬಹುದೇ?

ಉತ್ತರ: ಹುಲ್ಲು ಆ ಕ್ಷಾರಕ್ಕೆ ಸುಟ್ಟುಹೋಗುತ್ತದೆ, ಕಾಂಕ್ರೀಟಿನ ಮೇಲೆ ಬಿಟ್ಟರೆ ಕಂದು ಕಲೆ ನಿಲ್ಲುತ್ತದೆ. ಮಳೆನೀರಿನ ಚರಂಡಿಯಂತೂ ಬೇಡ, ಅದು ಬಹುಪಾಲು ಶುದ್ಧೀಕರಣವಿಲ್ಲದೆ ನೇರ ಹೊಳೆಗೆ ಹೋಗುತ್ತದೆ. 6ಪಿಪಿಡಿ ಓಝೋನಿನೊಂದಿಗೆ ಸೇರಿ 6ಪಿಪಿಡಿ ಕ್ವಿನೋನ್ ಎಂಬ ವಸ್ತುವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಟೈರಿನಿಂದ ಹೋದ ಈ ವಸ್ತುವೇ ಕಾರಣ ಎಂದು 2020ರ ಡಿಸೆಂಬರಿನಲ್ಲಿ ಸಂಶೋಧಕರು ಪ್ರಕಟಿಸಿದರು. ನೀವು ಬ್ರಷ್ ಹಿಡಿದು ಟೈರಿನಿಂದ ಬಿಡಿಸುತ್ತಿರುವುದೂ ಅದೇ ಕುಟುಂಬದ ಕಂದು. ಶುದ್ಧೀಕರಣ ಘಟಕಕ್ಕೆ ಹೋಗುವ ಒಳಚರಂಡಿ ಇರುವ ಕಡೆ, ಅಥವಾ ಎಣ್ಣೆ ಬೇರ್ಪಡಿಸುವ ತೊಟ್ಟಿ ಇರುವ ವಾಷಿಂಗ್ ಬೇಯಲ್ಲಿ ತೊಳೆಯಿರಿ. ಮೊದಲ ಸುತ್ತಿನ ಗಾಢ ನೊರೆಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆದು ಆಮೇಲೆ ನೀರು ಹಾಯಿಸಿದರೆ ಹರಿದುಹೋಗುವುದು ಬಹಳಷ್ಟು ಕಡಿಮೆಯಾಗುತ್ತದೆ. ಆ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ, ಕಂದು ಬಿಡುವುದಿಲ್ಲ.